ಪಿತ್ತ ಪ್ರಕೃತಿಯವರ ಊಟ ಮತ್ತು ದಿನಚರಿ

(ಸಂಘದ ಬೆಳ್ಳಿ ಹಬ್ಬದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಹಾಲಿನ ಸಂಘದ ಸಮಾರಂಭದಲ್ಲಿ ವೈದ್ಯನಿಗೇನು ಕೆಲಸ ಅಂತ ಕೆಲವರು ಯೋಚಿಸುತ್ತಿರಬಹುದು. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆದು, ಡೈರಿಗೆ ಹಾಕಿ, ಖಾಲಿ ಹೊಟ್ಟೆಗೆ ಎರಡು ಲೋಟ ಟೀ ಕುಡಿದು, ಹೊಲಕ್ಕೆ ಹೋಗಿ, ಮಧ್ಯಾಹ್ನ ಮೂರಕ್ಕೆ ಉಣ್ಣುವವರು ನೀವು. ನನ್ನ ಹತ್ತಿರ ಬರುವವರಲ್ಲಿ ಎದೆಯುರಿ, ಹುಳಿತೇಗು, ಅಂಗಾಲುರಿ ಅನ್ನುವವರೇ ಜಾಸ್ತಿ.

ಪಿತ್ತವೆಂದರೆ ಮೈಯೊಳಗಿನ ಬೆಂಕಿ. ತಿಂದದ್ದನ್ನು ಅರಗಿಸುವುದೂ ಅದೇ, ಕೆರಳಿದರೆ ಸುಡುವುದೂ ಅದೇ. ಈ ಪ್ರಕೃತಿಯವರಿಗೆ ಹಸಿವು, ಬಾಯಾರಿಕೆ ತಡೆಯಲಾಗದು. ಬೆವರು ಹೆಚ್ಚು, ಕೂದಲು ಬೇಗ ನರೆಯುತ್ತದೆ, ಕೋಪ ಮೂಗಿನ ತುದಿಯಲ್ಲೇ. ಸರ್ವಸದಸ್ಯರ ಸಭೆಯಲ್ಲಿ ಮೊದಲು ಎದ್ದು ನಿಲ್ಲುವವರು ಯಾರೆಂದು ನೋಡಿ, ಗೊತ್ತಾಗುತ್ತೆ!

ಬೇಸಿಗೆಯಲ್ಲೇ ಪಿತ್ತ ಕೆದರುವುದೆಂದು ಬಹಳ ಜನ ತಿಳಿದಿದ್ದಾರೆ. ಶಾಸ್ತ್ರ ಹೇಳುವುದು ಬೇರೆ. ಮಳೆಗಾಲದಲ್ಲಿ ಸಂಚಯವಾದ ಪಿತ್ತ, ಶರದೃತುವಿನ ಬಿಸಿಲಿಗೆ, ಅಂದರೆ ಆಶ್ವಯುಜ ಕಾರ್ತಿಕದಲ್ಲಿ ಕೆರಳುತ್ತದೆ. ನಾವು ದಸರಾ, ದೀಪಾವಳಿ ಅಂತ ಕರಿದದ್ದನ್ನು ತಿನ್ನುವುದೂ ಆಗಲೇ. ದಿನದಲ್ಲಿ ನಡುಮಧ್ಯಾಹ್ನ, ನಡುರಾತ್ರಿ ಅದರ ಹೊತ್ತು. ಆದ್ದರಿಂದ ಮಧ್ಯಾಹ್ನದ ಊಟವನ್ನು ಮುಂದೂಡಬೇಡಿ. ಬುತ್ತಿ ಕಟ್ಟಿಕೊಂಡೇ ಹೊಲಕ್ಕೆ ಹೋಗಿ.

ಇನ್ನು ನಮ್ಮ ಹಾಲು ಮೊಸರಿನ ವಿಚಾರ. ಮೊಸರು ತಂಪು ಅಂತ ಎಲ್ಲರ ನಂಬಿಕೆ. ಆಯುರ್ವೇದದ ಪ್ರಕಾರ ಮೊಸರು ಹುಳಿ, ಉಷ್ಣ, ಪಿತ್ತ ಹೆಚ್ಚಿಸುವಂಥದ್ದು. ರಾತ್ರಿ ಅದು ಬೇಡವೆಂದು ವಾಗ್ಭಟರು ಅಷ್ಟಾಂಗಹೃದಯದಲ್ಲಿ ಹೇಳಿದ್ದಾರೆ. ಹಾಲು, ತುಪ್ಪ ತಂಪು. ಮಜ್ಜಿಗೆಯಾದರೆ ಅಂದೇ ಕಡೆದದ್ದು, ಹುಳಿಯಾಗದ್ದು, ಚೂರು ಸಕ್ಕರೆ ಹಾಕಿ ಕುಡಿಯಿರಿ. ಇರೋ ಹಾಲನ್ನೆಲ್ಲ ಡೈರಿಗೆ ಹಾಕಿ, ಮನೆ ಮಕ್ಕಳಿಗೆ ಕರಿ ಟೀ ಕೊಡುವವರಿದ್ದಾರೆ. ಇದು ನನಗೆ ಸರಿಕಾಣದು.

ಸಿಹಿ, ಕಹಿ, ಒಗರು ಪಿತ್ತವನ್ನು ಇಳಿಸುತ್ತವೆ. ಹುಳಿ, ಉಪ್ಪು, ಖಾರ ಏರಿಸುತ್ತವೆ. ಹುಳಿಯಲ್ಲಿ ನೆಲ್ಲಿಕಾಯಿ, ದಾಳಿಂಬೆಗೆ ಮಾತ್ರ ವಿನಾಯಿತಿ. ಹುರುಳಿ ಸಾರು ಎಷ್ಟೇ ರುಚಿಯಾಗಿರಲಿ, ಉಷ್ಣ. ಅದರ ಬದಲು ಹೆಸರುಬೇಳೆ, ಪಡವಲ, ಬೂದುಗುಂಬಳ, ಒಂದೆಲಗದ ತಂಬುಳಿ ಮಾಡಿ. ರಾತ್ರಿ ನೆನೆಸಿಟ್ಟ ಕೊತ್ತಂಬರಿ ಬೀಜದ ನೀರನ್ನು ಬೆಳಿಗ್ಗೆ ಸೋಸಿ ಕುಡಿಯಬಹುದು. ತಲೆಗೆ ಕೊಬ್ಬರಿ ಎಣ್ಣೆ, ಹೊತ್ತಿಗೆ ಸರಿಯಾಗಿ ನಿದ್ದೆ. ಬೀಡಿ, ಹೆಂಡದ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಎಲ್ಲಾ ಹೊಟ್ಟೆಯುರಿಯೂ ಪಿತ್ತವಲ್ಲ, ಇದನ್ನು ಗಮನವಿಟ್ಟು ಕೇಳಿ. ಮೈಕೈ ನೋವಿಗೆಂದು ಅಂಗಡಿಯಿಂದ ಮಾತ್ರೆ ತಂದು ಖಾಲಿ ಹೊಟ್ಟೆಗೆ ನುಂಗುವವರಿಗೆ ಜಠರದಲ್ಲಿ ಹುಣ್ಣಾಗಬಹುದು. ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ರೋಗಾಣುವಿನಿಂದಲೂ ಹುಣ್ಣಾಗುತ್ತದೆ. ಇದನ್ನು ಕಂಡುಹಿಡಿದ ಆಸ್ಟ್ರೇಲಿಯದ ಮಾರ್ಷಲ್ ಮತ್ತು ವಾರನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅದಕ್ಕೆ ಕೊತ್ತಂಬರಿ ನೀರು ಸಾಲದು, ಡಾಕ್ಟರು ಬರೆದುಕೊಟ್ಟ ಔಷಧಿಯನ್ನು ಪೂರ್ತಿ ಮುಗಿಸಬೇಕು. ಮಲ ಟಾರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ನುಂಗಲು ಕಷ್ಟವಾದರೆ, ನನ್ನ ಹತ್ತಿರವೂ ಬರಬೇಡಿ, ನೇರ ದೊಡ್ಡಾಸ್ಪತ್ರೆಗೆ ಹೋಗಿ. ಎದೆಯುರಿ ಜೊತೆ ಬೆವರು ಬಂದು, ನೋವು ಎಡಗೈಗೋ ದವಡೆಗೋ ಹರಿದರೆ ಅದು ಹೃದಯದ್ದಿರಬಹುದು. ಸೋಡಾ ಕುಡಿಸುತ್ತಾ ಕೂರದೆ, ರಾತ್ರಿಯಾದರೂ ಸರಿ, 108ಕ್ಕೆ ಫೋನು ಮಾಡಿ.