ಹೆಣ ಬೀಳುವ ಮೊದಲೇ ಕೇಳಬೇಕಾದ ಪ್ರಶ್ನೆ

(ಮುಂಡಗೋಡ ತಾಲೂಕಿನ ಇಂದೂರಿನಲ್ಲಿ ಸೇರಿದ್ದ ಮಹಿಳಾ ಸ್ವಸಹಾಯ ಗುಂಪುಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯ ಬಗ್ಗೆ ನಾಲ್ಕು ಮಾತಾಡಿ ಎಂದು ನನ್ನನ್ನು ಕರೆದಿದ್ದೀರಿ. ಕಾಯಿದೆಯಿಂದ ಶುರು ಮಾಡಿದರೆ ಅರ್ಧ ಜನ ತೂಕಡಿಸುತ್ತೀರಿ, ಉಳಿದವರು ಹೊಲದ ಕೆಲಸ ನೆನೆಸಿಕೊಳ್ಳುತ್ತೀರಿ. ಅದಕ್ಕೇ ಇವತ್ತು ಒಂದು ಧಾರಾವಾಹಿಯ ಕತೆ ಹೇಳುತ್ತೇನೆ. ಧಾರಾವಾಹಿ ಅಂದರೆ ನಮಗೆ ಜೀವ. ರಾತ್ರಿ ರೊಟ್ಟಿ ಬಡಿದು, ಪಾತ್ರೆ ತೊಳೆದು, ಆಮೇಲೆ ಟಿವಿ ಮುಂದೆ ಕೂರುವವರು ನಾವೇ.

ಆದರೆ ಇದು ನಮ್ಮ ಕಡೆಯದಲ್ಲ, ಅಮೆರಿಕದ ಕೊಲೆಯ ಕತೆ. ಹೆಸರು 'ಬಿಗ್ ಲಿಟಲ್ ಲೈಸ್', ಅಂದರೆ ದೊಡ್ಡ ಪುಟ್ಟ ಸುಳ್ಳುಗಳು. ಲಿಯಾನ್ ಮೋರಿಯಾರ್ಟಿ ಎಂಬ ಆಸ್ಟ್ರೇಲಿಯಾದ ಲೇಖಕಿ 2014ರಲ್ಲಿ ಬರೆದ ಕಾದಂಬರಿ ಇದಕ್ಕೆ ಆಧಾರ. 2017ರಲ್ಲಿ ಏಳು ಕಂತು, 2019ರಲ್ಲಿ ಮತ್ತೆ ಏಳು ಕಂತು ಬಂದವು. ನಮ್ಮ ಹುಡುಗಿಯೊಬ್ಬಳು ತನ್ನ ಫೋನಿನಲ್ಲಿ ಇದನ್ನು ನೋಡುತ್ತಿದ್ದಳು. ಜೊತೆಗೆ ಕೂತು ನಾನೂ ನೋಡಿದೆ. ಭಾಷೆ ಅವಳು ಹೇಳಿಕೊಟ್ಟಳು. ಉಳಿದದ್ದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕತೆ ಒಂದು ಸಾವಿನಿಂದ ಶುರುವಾಗುತ್ತದೆ. ಶಾಲೆಯ ಸಮಾರಂಭದಲ್ಲಿ ಯಾರೋ ಸತ್ತಿದ್ದಾರೆ. ಸತ್ತವರು ಯಾರು, ಕೊಂದವರು ಯಾರು, ಎರಡನ್ನೂ ಕೊನೆಯ ಕಂತಿನವರೆಗೆ ಹೇಳುವುದಿಲ್ಲ. ಪೊಲೀಸರು ಒಬ್ಬೊಬ್ಬರನ್ನೇ ಕರೆದು ಕೇಳುತ್ತಾರೆ. ಎಲ್ಲರೂ ಊರ ಹೆಂಗಸರ ಬಗ್ಗೆ ಚಾಡಿ ಹೇಳುತ್ತಾರೆಯೇ ಹೊರತು ನಿಜವಾಗಿ ನಡೆದದ್ದೇನು ಎಂಬುದು ಒಬ್ಬರಿಗೂ ಗೊತ್ತಿಲ್ಲ.

ಆ ಊರಿನಲ್ಲಿ ಸೆಲೆಸ್ಟ್ ಎಂಬ ಹೆಂಗಸು ಇದ್ದಾಳೆ. ವಕೀಲೆಯಾಗಿದ್ದವಳು, ಗಂಡನಿಗೆ ಇಷ್ಟವಿಲ್ಲವೆಂದು ಕೆಲಸ ಬಿಟ್ಟಿದ್ದಾಳೆ. ಸಮುದ್ರದ ದಂಡೆಯ ಮೇಲೆ ದೊಡ್ಡ ಮನೆ, ಅವಳಿ ಗಂಡುಮಕ್ಕಳು, ಚೆಲುವ ಗಂಡ. ಜೋಡಿ ಅಂದರೆ ಹೀಗಿರಬೇಕು ಎಂದು ಊರೆಲ್ಲ ಹೊಗಳುತ್ತದೆ. ಆ ಗಂಡ ಅವಳನ್ನು ಹೊಡೆಯುತ್ತಾನೆ. ಕುತ್ತಿಗೆ ಹಿಡಿಯುತ್ತಾನೆ, ಗೋಡೆಗೆ ನೂಕುತ್ತಾನೆ. ಮರುದಿನ ಅಳುತ್ತಾನೆ, ಕ್ಷಮೆ ಕೇಳುತ್ತಾನೆ, ಒಡವೆ ತರುತ್ತಾನೆ. ಆಕೆ ಬಾಸುಂಡೆಯ ಮೇಲೆ ಬಣ್ಣ ಹಚ್ಚಿಕೊಂಡು ಮಕ್ಕಳನ್ನು ಶಾಲೆಗೆ ಬಿಡಲು ಹೋಗುತ್ತಾಳೆ. ತನ್ನನ್ನೇ ಸಮಾಧಾನ ಮಾಡಿಕೊಳ್ಳುತ್ತಾಳೆ: ನಾನೂ ತಿರುಗಿ ಹೊಡೆದಿದ್ದೇನಲ್ಲ, ತಪ್ಪು ನನ್ನದೂ ಇದೆ.

ಹೆಂಡತಿಗೆ ಹೊಡೆಯುವವನು ಕುಡುಕ, ಬಡವ, ಓದದವನು ಎಂದು ನಾವು ತಿಳಿದಿದ್ದೇವೆ. ವಿದ್ಯೆ ಬಂದರೆ, ದುಡ್ಡು ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಹೆಣ್ಣು ಕೊಡುವಾಗ ನೌಕರಿಯವನನ್ನು ಹುಡುಕುತ್ತೇವೆ, ಅದಕ್ಕಾಗಿ ಹೊಲ ಒತ್ತೆ ಇಡುತ್ತೇವೆ. ಈ ಧಾರಾವಾಹಿ ಆ ಭ್ರಮೆಯನ್ನು ಮೊದಲ ಕಂತಿನಿಂದಲೇ ಒಡೆಯುತ್ತದೆ. ಅಲ್ಲಿ ವರದಕ್ಷಿಣೆಯೂ ಇಲ್ಲ, ಬಡತನವೂ ಇಲ್ಲ. ಹೆಂಡತಿ ನನ್ನ ಸೊತ್ತು ಎಂಬ ಒಂದೇ ಭಾವನೆ ಇದೆ. ವರದಕ್ಷಿಣೆ ಕೇಳುವವನಲ್ಲೂ ಇರುವುದು ಅದೇ ಭಾವನೆ.

ಇನ್ನು ನನ್ನ ಮನಸ್ಸಿನಲ್ಲಿ ಕೂತ ದೃಶ್ಯ. ಸೆಲೆಸ್ಟ್ ಒಬ್ಬ ಆಪ್ತಸಲಹೆಗಾರ್ತಿಯ ಹತ್ತಿರ ಹೋಗುತ್ತಾಳೆ. ಮೊದಮೊದಲು ಸುಳ್ಳು ಹೇಳುತ್ತಾಳೆ, ಗಂಡನ ಪರವಾಗಿಯೇ ವಾದಿಸುತ್ತಾಳೆ. ಆ ಸಲಹೆಗಾರ್ತಿ, ನಾವೆಲ್ಲ ಕೇಳುವಂತೆ, ಇಷ್ಟು ದಿನ ಯಾಕೆ ಸಹಿಸಿದೆ ಎಂದು ಕೇಳುವುದಿಲ್ಲ. ಇದನ್ನು ಯಾರಿಗೆ ಹೇಳಿದ್ದೀ ಎಂದು ಕೇಳುತ್ತಾಳೆ. ಯಾರಿಗೂ ಹೇಳಿಲ್ಲ. ಹಾಗಾದರೆ ನಾಳೆ ಮಕ್ಕಳಿಗಾಗಿ ನೀನು ಕೋರ್ಟಿಗೆ ಹೋದಾಗ ನಿನ್ನ ಗೆಳತಿಯರು ಏನು ಸಾಕ್ಷಿ ಹೇಳುತ್ತಾರೆ? ನಾವು ಏನೂ ಕಂಡಿಲ್ಲ ಅಂತಲೇ ಹೇಳಬೇಕಾಗುತ್ತದೆ. ಆದ್ದರಿಂದ ಒಬ್ಬಳಿಗಾದರೂ ಹೇಳು. ಗಂಡನಿಗೆ ತಿಳಿಯದಂತೆ ಒಂದು ಮನೆ ಗೊತ್ತು ಮಾಡು. ಮಕ್ಕಳಿಗೆ ಬೇಕಾದ ಸಾಮಾನು, ಊಟದ ಪದಾರ್ಥ ತಂದಿಟ್ಟು ಅದನ್ನು ತಯಾರಾಗಿಡು.

ಅಕ್ಕಂದಿರೇ, ಇದು ಕೊಲೆಯ ಕತೆ ಎಂದೆನಲ್ಲ. ಇದರಲ್ಲಿ ಪತ್ತೇದಾರಿಯ ಕೆಲಸ ಮಾಡಿದವಳು ಈ ಸಲಹೆಗಾರ್ತಿ. ಪೊಲೀಸರು ಬಂದದ್ದು ಹೆಣ ಬಿದ್ದ ಮೇಲೆ. ಈಕೆ ಮಾತ್ರ ಹೆಣ ಬೀಳುವ ಮೊದಲೇ ಪ್ರಶ್ನೆ ಕೇಳಿದಳು.

ಸೆಲೆಸ್ಟ್ ಮನೆ ಹಿಡಿಯುತ್ತಾಳೆ. ಹೊರಡಲು ಸಿದ್ಧವಾಗುತ್ತಾಳೆ. ಅಷ್ಟರಲ್ಲಿ ಫೋನಿಗೆ ಬಂದ ಒಂದು ಸಂದೇಶದಿಂದ ಗಂಡನಿಗೆ ಗುಟ್ಟು ತಿಳಿಯುತ್ತದೆ. ಹೆಣ್ಣು ಮನೆ ಬಿಟ್ಟು ಹೊರಡುವ ಗಳಿಗೆಯೇ ಅತ್ಯಂತ ಅಪಾಯದ ಗಳಿಗೆ. ಇದನ್ನು ನೆನಪಿಡಿ.

ಮಕ್ಕಳ ಮಾತೂ ಇದೆ. ಶಾಲೆಯಲ್ಲಿ ಒಂದು ಪುಟ್ಟ ಹುಡುಗಿಯ ಕುತ್ತಿಗೆ ಹಿಸುಕಿದ ಗುರುತು ಕಾಣುತ್ತದೆ. ತಪ್ಪು ಯಾರ ಮೇಲೆ ಹೋಗುತ್ತದೆ? ತಂದೆಯಿಲ್ಲದ, ಬಾಡಿಗೆ ಮನೆಯ ಹುಡುಗನ ಮೇಲೆ. ನಿಜವಾಗಿ ಮಾಡಿದವನು ಸೆಲೆಸ್ಟಳ ಮಗ. ಮಕ್ಕಳಿಗೆ ಏನೂ ಗೊತ್ತಿಲ್ಲ ಎಂದೇ ಆಕೆ ನಂಬಿದ್ದಳು. ನಾವೂ ಹಾಗೇ ನಂಬುತ್ತೇವೆ, ಮಕ್ಕಳು ಮಲಗಿದ್ದವು ಅನ್ನುತ್ತೇವೆ. ಮಕ್ಕಳು ಮಲಗಿರುವುದಿಲ್ಲ. ಕೌದಿಯೊಳಗೆ ಕಣ್ಣು ಬಿಟ್ಟುಕೊಂಡು ಪಾಠ ಕಲಿಯುತ್ತಿರುತ್ತವೆ.

ಕೊನೆಗೆ ಸಮಾರಂಭದ ರಾತ್ರಿ ಗೆಳತಿಯರ ಕಣ್ಣೆದುರು ಅವನು ಹೆಂಡತಿಯ ಮೇಲೆ ಬೀಳುತ್ತಾನೆ. ಬಿಡಿಸಲು ಬಂದ ಹೆಂಗಸರಲ್ಲಿ ಒಬ್ಬಳು ಅವನನ್ನು ಮೆಟ್ಟಿಲಿನಿಂದ ನೂಕುತ್ತಾಳೆ. ಅವನು ಸಾಯುತ್ತಾನೆ. ತಾನಾಗಿ ಬಿದ್ದ ಎಂದು ಐವರೂ ಪೊಲೀಸರಿಗೆ ಸುಳ್ಳು ಹೇಳುತ್ತಾರೆ.

ಇಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ನೋಡುವಾಗ ಹಾಯೆನಿಸುತ್ತದೆ, ಸುಳ್ಳು ಹೇಳಲಾರೆ. ಆದರೆ ಗಂಡನನ್ನು ಸಾಯಿಸಿ ಕತೆ ಮುಗಿಸುವುದು ಟಿವಿಗೆ ಸುಲಭ. ನಮ್ಮ ಹಳ್ಳಿಯಲ್ಲಿ ಹಾಗಾದರೆ ಜೈಲಿಗೆ ಹೋಗುವವಳು ಅವಳೇ, ಅನಾಥವಾಗುವುದು ಅವಳ ಮಕ್ಕಳೇ. ಎರಡನೆಯ ಭಾಗ ಮಾಡಿದವರಿಗೂ ಇದು ಹೊಳೆದಿರಬೇಕು. ಅಲ್ಲಿ ಆ ಸುಳ್ಳು ಐವರನ್ನೂ ತಿನ್ನುತ್ತದೆ. ಕೊನೆಗೆ ಅವರು ತಾವಾಗಿ ಪೊಲೀಸ್ ಠಾಣೆಗೆ ಹೋಗುತ್ತಾರೆ.

ಎರಡನೆಯ ಭಾಗದಲ್ಲಿ ಯಾರು ಬರುತ್ತಾಳೆ ಗೊತ್ತೇ? ಅತ್ತೆ! ನನ್ನ ಮಗ ಅಂಥವನಲ್ಲ ಅನ್ನುತ್ತಾಳೆ. ಮೊಮ್ಮಕ್ಕಳನ್ನು ತನಗೆ ಕೊಡಿ ಎಂದು ಕೋರ್ಟಿಗೆ ಹೋಗುತ್ತಾಳೆ. ಅಲ್ಲಿ ವಕೀಲರು ಸತ್ತವನ ಹೊಡೆತದ ಬಗ್ಗೆ ಕೇಳುವುದಕ್ಕಿಂತ ಬದುಕಿದವಳ ನಡತೆಯ ಬಗ್ಗೆ ಕೇಳುವುದೇ ಹೆಚ್ಚು. ಯಾವ ಗುಳಿಗೆ ನುಂಗುತ್ತೀ, ಯಾರ ಜೊತೆ ಮಲಗಿದ್ದೆ? ಕೊನೆಗೆ ಅವಳನ್ನು ಕಾಪಾಡಿದ್ದು, ಅಪ್ಪ ಅಮ್ಮನನ್ನು ಹೊಡೆಯುವಾಗ ಮಕ್ಕಳೇ ತೆಗೆದಿಟ್ಟಿದ್ದ ಒಂದು ವಿಡಿಯೋ. ಸಲಹೆಗಾರ್ತಿ ಅಂದು ಕೇಳಿದ್ದೂ ಅದನ್ನೇ, ಸಾಕ್ಷಿ ಎಲ್ಲಿದೆ ಎಂದು.

ನಮ್ಮ ವಾಹಿನಿಗಳಲ್ಲೂ ಅಪರಾಧದ ಕಾರ್ಯಕ್ರಮಗಳಿವೆ. ಗಡಸು ದನಿ, ಎದೆ ನಡುಗಿಸುವ ಸಂಗೀತ. ಅವುಗಳಲ್ಲಿ ಬಹಳಷ್ಟು ಹುಡುಕುವುದು ಸತ್ತವಳಿಗೆ ಯಾರ ಸಂಗವಿತ್ತು ಎಂಬುದನ್ನು. ಅವಳು ಮೂರು ವರ್ಷ ಯಾರ ಬಾಗಿಲು ಬಡಿದಳು, ಯಾರು ತೆರೆಯಲಿಲ್ಲ ಎಂದು ಹುಡುಕುವುದಿಲ್ಲ.

ಆ ಹುಡುಕಾಟವನ್ನು ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳೇ ಮಾಡಿದ್ದಾರೆ. ಬೆಂಗಳೂರಿನ ವಿಮೋಚನಾ ಸಂಘಟನೆಯವರು ಪೊಲೀಸ್ ದಾಖಲೆಗಳನ್ನು ಕೂತು ಓದಿದರು. 1997ರ ಒಂದೇ ವರ್ಷ ಬೆಂಗಳೂರಿನಲ್ಲಿ 1133 ಹೆಂಗಸರ ಅಸಹಜ ಸಾವು. ಅದರಲ್ಲಿ ಕೊಲೆ ಎಂದು ಹಿಡಿದದ್ದು 157. ಆತ್ಮಹತ್ಯೆ ಎಂದು ಬರೆದದ್ದು 546. ಅಪಘಾತ ಎಂದು ಬರೆದದ್ದು 430. ಎಷ್ಟೋ ಕಡತಗಳಲ್ಲಿ ಅದೇ ಮಾತು: ಸ್ಟವ್ ಸಿಡಿಯಿತು. ಒಂದೇ ಅಡುಗೆಮನೆ, ಒಂದೇ ಸ್ಟವ್. ಅತ್ತೆ ಹಚ್ಚಿದರೆ ಸಿಡಿಯದು, ನಾದಿನಿ ಹಚ್ಚಿದರೆ ಸಿಡಿಯದು, ಸೊಸೆ ಹಚ್ಚಿದರೆ ಮಾತ್ರ ಹೇಗೆ ಸಿಡಿಯುತ್ತದೆ? ಈ ಪ್ರಶ್ನೆ ಕೇಳುವುದಕ್ಕೆ ಪತ್ತೇದಾರಿ ವಿದ್ಯೆ ಬೇಕಿಲ್ಲ. ಆ ಹುಡುಗಿಯ ಜೀವಕ್ಕೆ ಬೆಲೆಯಿದೆ ಎಂದು ಅನಿಸಬೇಕು, ಅಷ್ಟೇ. ಈಗ ಸೀಮೆಎಣ್ಣೆ ಸ್ಟವ್ ಅಪರೂಪ. ಆದರೂ ಪೇಪರಿನಲ್ಲಿ ಓದುತ್ತೀರಲ್ಲ, 'ಹೊಟ್ಟೆನೋವು ತಾಳಲಾರದೆ ಗೃಹಿಣಿ ಆತ್ಮಹತ್ಯೆ'. ಆ ಹೊಟ್ಟೆನೋವು ಯಾವುದು ಎಂದು ನಾವು ಕೇಳಿದ್ದೇವೆಯೇ?

ಈಗ ಕಾಯಿದೆ, ಸ್ವಲ್ಪವೇ. ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. ಗಂಡನ ಮನೆಯವರ ಕ್ರೌರ್ಯ ಶಿಕ್ಷಾರ್ಹ ಎಂಬ 498ಎ ಕಲಂ 1983ರಲ್ಲಿ, ವರದಕ್ಷಿಣೆ ಸಾವಿನ 304ಬಿ ಕಲಂ 1986ರಲ್ಲಿ ಬಂದವು. 2024ರ ಜುಲೈ 1ರಿಂದ ಹೊಸ ನ್ಯಾಯ ಸಂಹಿತೆಯಲ್ಲಿ ಇವು 85 ಮತ್ತು 80ನೆಯ ಕಲಂಗಳಾಗಿವೆ. ಸಂಖ್ಯೆ ಬದಲಾಗಿದೆ, ಹಕ್ಕು ಹೋಗಿಲ್ಲ. ಮದುವೆಯಾದ ಏಳು ವರ್ಷದೊಳಗೆ ಹೆಣ್ಣು ಅಸಹಜವಾಗಿ ಸತ್ತು, ಸಾವಿಗೆ ಮುಂಚೆ ವರದಕ್ಷಿಣೆಗಾಗಿ ಹಿಂಸೆಯಾಗಿತ್ತೆಂದು ತೋರಿಸಿದರೆ, ತಾವು ಕಾರಣರಲ್ಲ ಎಂದು ಸಿದ್ಧಮಾಡುವ ಭಾರ ಗಂಡನ ಮನೆಯವರದು. ಆದರೆ ಈ ಕಲಂ ಸತ್ತವಳಿಗೆ.

ಬದುಕಿರುವವಳಿಗೆ ಇರುವುದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಹೊಡೆತ ಮಾತ್ರವಲ್ಲ, ಬೈಗುಳ, ಬೆದರಿಕೆ, ಲೈಂಗಿಕ ಹಿಂಸೆ, ದುಡಿದ ಹಣ ಕಸಿದುಕೊಳ್ಳುವುದು, ಖರ್ಚಿಗೆ ಕೊಡದಿರುವುದು, ಎಲ್ಲವೂ ಇದರಲ್ಲಿ ದೌರ್ಜನ್ಯವೇ. ಮನೆ ಗಂಡನ ಹೆಸರಿನಲ್ಲಿರಲಿ, ಮಾವನ ಹೆಸರಿನಲ್ಲಿರಲಿ, ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ನಮ್ಮ ರಾಜ್ಯದಲ್ಲಿ ತಾಲೂಕಿನ ಸಿಡಿಪಿಒ ಅವರೇ ಸಂರಕ್ಷಣಾಧಿಕಾರಿ. ಅಂಗನವಾಡಿ ಟೀಚರನ್ನು ಕೇಳಿದರೆ ಅವರ ಕಚೇರಿ ತೋರಿಸುತ್ತಾರೆ. ಹೆಣ್ಣುಮಕ್ಕಳಿಗೆ ವಕೀಲರ ನೆರವು ಪುಕ್ಕಟೆ, ಆದಾಯ ಎಷ್ಟಿದ್ದರೂ ಸರಿ. ಫೋನ್ ಮಾಡುವುದಾದರೆ 181, ತುರ್ತಿಗೆ 112.

ಇದೇ ಕಾಯಿದೆಯ ನಾಲ್ಕನೆಯ ಕಲಂ ನಮಗಾಗಿಯೇ ಇದೆ ಎಂದು ನನಗನಿಸುತ್ತದೆ. ದೌರ್ಜನ್ಯ ನಡೆಯುತ್ತಿದೆ ಎಂದು ತಿಳಿದ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ. ಪರರ ಮನೆ ಉಸಾಬರಿ ನಮಗ್ಯಾಕೆ ಎಂಬ ಮಾತಿಗೆ ಕಾಯಿದೆಯೇ ಉತ್ತರ ಕೊಟ್ಟಿದೆ.

ಕೊನೆಯದಾಗಿ ನನ್ನದೇ ಒಂದು ತಪ್ಪು ಹೇಳುತ್ತೇನೆ. ಹಿಂದೆ ನಾನಿದ್ದ ಗುಂಪಿನಲ್ಲಿ ಒಬ್ಬಳು ಮೂರು ವಾರ ಸಭೆಗೆ ಬರಲಿಲ್ಲ. ನಿಯಮದಂತೆ ವಾರಕ್ಕೆ ಐದು ರೂಪಾಯಿ ದಂಡ ಹಾಕಿದೆವು. ನಾಲ್ಕನೆಯ ವಾರ ಬಂದಳು. ಕಡುಬೇಸಿಗೆಯಲ್ಲಿ ಮೈತುಂಬ ಸೆರಗು ಹೊದ್ದಿದ್ದಳು. ಹದಿನೈದು ರೂಪಾಯಿ ಎಣಿಸಿ ಕೊಟ್ಟಳು, ಸಹಿ ಮಾಡಿದಳು, ಹೋದಳು. ಪುಸ್ತಕದಲ್ಲಿ ದಂಡ ಜಮಾ ಎಂದು ಬರೆದವಳು ನಾನೇ. ಅದಾಗಿ ಕೆಲವು ದಿನಕ್ಕೆ ಆಕೆ ರಾತ್ರೋರಾತ್ರಿ ಮಕ್ಕಳನ್ನು ಎತ್ತಿಕೊಂಡು ತವರಿಗೆ ಓಡಿಹೋದ ಸುದ್ದಿ ಬಂತು. ಆಕೆ ಬದುಕಿದ್ದಾಳೆ. ಆದರೆ ಬದುಕಿದ್ದು ನಮ್ಮಿಂದಲ್ಲ. ಒಂದು ರೂಪಾಯಿ ಲೆಕ್ಕ ತಪ್ಪಿದರೆ ಕಂಡುಹಿಡಿಯುವ ನಮ್ಮ ಕಣ್ಣಿಗೆ ಆ ಸೆರಗು ಕಾಣಲಿಲ್ಲ.

ಆದ್ದರಿಂದ ನನ್ನದೊಂದು ಬೇಡಿಕೆ. ಮುಂದಿನ ವಾರದಿಂದ ಹಾಜರಿ ಕರೆಯುವಾಗ ಯಾರಾದರೂ ಬಂದಿಲ್ಲವೆಂದರೆ ದಂಡ ಬರೆಯುವ ಮೊದಲು ಇಬ್ಬರು ಅವಳ ಮನೆಗೆ ಹೋಗಿ ಬನ್ನಿ. ಸಕ್ಕರೆ ಸಾಲ ಕೇಳುವ ನೆಪದಲ್ಲಿ ಹೋದರೂ ಆದೀತು. ಅವಳು ಏನಾದರೂ ಹೇಳಿದರೆ ನಡಾವಳಿ ಪುಸ್ತಕದಲ್ಲಿ ಬರೆಯಬೇಡಿ, ಅವಳ ನಾದಿನಿಯೇ ಗುಂಪಿನಲ್ಲಿರಬಹುದು. ಬೇರೆ ಹಾಳೆಯಲ್ಲಿ ತಾರೀಖು, ನಡೆದದ್ದು, ಕಂಡವರು ಯಾರು ಎಂದು ಬರೆದು ನಂಬಿಕೆಯ ಒಬ್ಬಳ ಪೆಟ್ಟಿಗೆಯಲ್ಲಿಡಿ. ಗಂಡ ನೋಡುವ ಫೋನಿನಲ್ಲಿ ಇಡಬೇಡಿ. ದವಾಖಾನೆಗೆ ಹೋದರೆ ಬಚ್ಚಲಲ್ಲಿ ಜಾರಿಬಿದ್ದೆ ಎಂದು ಹೇಳಿಸಬೇಡಿ, ಹೊಡೆದದ್ದೆಂದೇ ಚೀಟಿಯಲ್ಲಿ ಬರೆಸಿ. ಅವಳ ಆಧಾರ್, ಮಕ್ಕಳ ದಾಖಲೆ, ಒಂದು ಜೊತೆ ಬಟ್ಟೆ, ಬಸ್ಸಿನ ದುಡ್ಡು ಇನ್ನೊಬ್ಬಳ ಮನೆಯಲ್ಲಿ ಗಂಟು ಕಟ್ಟಿಡಿ. ಹೊರಡಬೇಕೋ ಬೇಡವೋ ಎಂಬ ತೀರ್ಮಾನ ಅವಳದು. ಬಾಗಿಲು ತೆರೆದಿಡುವ ಕೆಲಸ ನಮ್ಮದು.

ಆ ಅಮೆರಿಕದ ಹೆಂಗಸಿಗೆ ಸಮುದ್ರ ಕಾಣುವ ಮನೆಯಿತ್ತು. ಪ್ರತಿ ವಾರ ಚಾಪೆ ಹಾಸಿ ಸುತ್ತ ಕೂರುವ ಇಪ್ಪತ್ತು ಜನ ಇರಲಿಲ್ಲ. ನಮಗಿದ್ದೀರಿ. ಈ ವಾರ ಯಾರು ಬಂದಿಲ್ಲ, ಒಮ್ಮೆ ಸುತ್ತ ನೋಡಿ.