ಒಂದು ಫ್ಯಾನಿನ ಲೆಕ್ಕ

ಅಮೆರಿಕದಲ್ಲಿ ಬಡವರ ಮನೆಯ ಚಳಿಗಾಲದ ಹೀಟರ್ ಖರ್ಚಿಗೆ ಸರ್ಕಾರ ನೆರವು ಕೊಡುತ್ತೆ. ನಮ್ಮ ಸಿಂಧನೂರಿನ ಗೊರೇಬಾಳಕ್ಕೆ ಹೀಟರ್ ಯಾಕೆ? ಇಲ್ಲಿ ಸುಡೋದು ಏಪ್ರಿಲ್ ಬಿಸಿಲು.

ಗೃಹಜ್ಯೋತಿ ಇದೆಯಲ್ಲ ಅಂತೀರಿ. ಇದೆ, 2023ರಿಂದ. ಆದ್ರೆ 200 ಯೂನಿಟ್ ಎಲ್ಲರಿಗೂ ಅಲ್ಲ. 2022-23ರ ನಿಮ್ಮ ಸರಾಸರಿ ಬಳಕೆ, ಮೇಲೆ ಶೇ. 10, ಅಷ್ಟೇ. ತಿಂಗಳಿಗೆ 180 ಬಳಸಿದವರಿಗೆ 198 ಪುಕ್ಕಟೆ, 30 ಬಳಸಿದವರಿಗೆ 33! 2024ರ ಜನವರಿಯಲ್ಲಿ ಕಡಿಮೆ ಬಳಸುವವರಿಗೆ ಶೇ. 10ರ ಬದಲು 10 ಯೂನಿಟ್ ಅಂದ್ರು. 33 ಹೋಗಿ 40 ಆಯ್ತು.

ನಾನು ಓದಿದ್ದು ಎಂಜಿನಿಯರಿಂಗ್, ಲೆಕ್ಕ ಬಿಡಲ್ಲ. 75 ವ್ಯಾಟ್ ಫ್ಯಾನ್ ದಿನಕ್ಕೆ 20 ಗಂಟೆ ತಿರುಗಿದರೆ ತಿಂಗಳಿಗೆ 45 ಯೂನಿಟ್. ಅವತ್ತು ಫ್ಯಾನ್ ಕೊಳ್ಳಲಾಗದವರು ಇವತ್ತು ಹಾಕಿದರೆ ಬಿಲ್ ಕಟ್ಟಬೇಕು. ಶಕ್ತಿನಗರದಲ್ಲಿ ರಾಜ್ಯಕ್ಕೆ ಕರೆಂಟ್ ತಯಾರಿಸೋದೂ ಇದೇ ರಾಯಚೂರು ಜಿಲ್ಲೆ, ನೆನಪಿರಲಿ. ಬೇಸಿಗೆಯ ಮೂರು ತಿಂಗಳಾದರೂ ಇಂಥ ಮನೆಗಳಿಗೆ ಆ ಹಳೇ ಸರಾಸರಿ ಬಿಡಿ ಸ್ವಾಮಿ, 100 ಯೂನಿಟ್ ಕೊಡಿ.