ಮೊಣಕಾಲಿನ ಮಾತನ್ನೂ ಕೇಳೋಣ
(ಸ್ವ-ಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತು)



ಶಿವರಾತ್ರಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುವವರು ಈ ಸಭೆಯಲ್ಲೂ ಇದ್ದೀರಿ. ಸಂಜೆ ಹೊತ್ತು ನಡೆದು ಅಭ್ಯಾಸ ಮಾಡುತ್ತಿದ್ದೀರಿ, ಸಂತೋಷ. ಆದರೆ, "ಸಿಸ್ಟರ್, ಮೊಣಕಾಲು ನೋಯ್ತಿದೆ, ಮನೇಲಿ ಹೇಳ್ಬೇಡಿ, ಗೊತ್ತಾದ್ರೆ ಕಳಿಸಲ್ಲ" ಎಂದು ಕಿವಿಯಲ್ಲಿ ಹೇಳಿದವರೂ ಇದ್ದೀರಿ. ಅದಕ್ಕೇ ಇವತ್ತು ಈ ಮಾತು.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ಸಂಘದ ಒಬ್ಬ ಅಕ್ಕ ಹೀಗೇ ನೋವು ಹೇಳಿಕೊಂಡಾಗ, "ಮನಸ್ಸು ಗಟ್ಟಿ ಇದ್ರೆ ಎಲ್ಲಾ ಆಗುತ್ತೆ" ಎಂದು ಕಳಿಸಿಬಿಟ್ಟೆವು. ಅವರು ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಾ ಕೊಟ್ಟಿಗೆಹಾರದ ತನಕ ನಡೆದರು. ಘಾಟಿ ಇಳಿಯುವಾಗ ಮೊಣಕಾಲು ಊದಿ, ಜೀಪಿನಲ್ಲಿ ವಾಪಸ್ ಬಂದರು. ಎರಡು ತಿಂಗಳು ತೋಟದ ಕೆಲಸವಿಲ್ಲ, ಕೂಲಿಯಿಲ್ಲ, ಸಾಲದ ಕಂತು ಬಾಕಿ. ಅಂದು ನಾವು ಧೈರ್ಯ ಹೇಳುವ ಮುಂಚೆ ನಾಲ್ಕು ಪ್ರಶ್ನೆ ಕೇಳಬೇಕಿತ್ತು.

ನೋವು ಯಾಕೆ ಬರುತ್ತೆ? ಸಮತಟ್ಟಿನಲ್ಲಿ ನಡೆಯುವಾಗಲೇ ಮೊಣಕಾಲಿನ ಮೇಲೆ ದೇಹದ ತೂಕದ ಎರಡು ಪಟ್ಟಿಗಿಂತ ಹೆಚ್ಚು ಭಾರ ಬೀಳುತ್ತದೆ. ಇಳಿಜಾರಿನಲ್ಲಿ ಇನ್ನೂ ಜಾಸ್ತಿ. ಕಾಫಿ ಕೊಯ್ಲಿನಲ್ಲಿ ದಣಿದ ಕಾಲಿಗೆ ಒಮ್ಮೆಲೇ ಹತ್ತು ಕಿಲೋಮೀಟರ್ ಹೊರಿಸಿದರೆ ಅದು ತಡೆದೀತೇ?

ಹಾಗಾದರೆ ಏನು ಮಾಡೋಣ?

೧. ಎರಡು ಮೂರು ತಿಂಗಳು ಮುಂಚೆಯೇ ಶುರು ಮಾಡಿ. ಮೊದಲು ಅರ್ಧ ಗಂಟೆ ಸಾಕು. ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ವಾರದಲ್ಲಿ ಒಂದೆರಡು ದಿನ ಬಿಡುವು ಕೊಡಿ.

೨. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, ಐದು ಎಣಿಸಿ ಇಳಿಸಿ. ಒಂದೊಂದು ಕಾಲಿಗೆ ಹತ್ತು ಸಲ. ತೊಡೆ ಗಟ್ಟಿಯಾದರೆ ಮೊಣಕಾಲಿಗೆ ಆಸರೆ.

೩. ಇಳಿಜಾರಿನಲ್ಲಿ ಸಣ್ಣ ಹೆಜ್ಜೆ ಇಡಿ, ಕೈಯಲ್ಲಿ ಕೋಲಿರಲಿ. ಹಿಮ್ಮಡಿ ಸವೆದ ಚಪ್ಪಲಿ ಬೇಡ. ಬ್ಯಾಗ್ ಹಗುರವಿರಲಿ.

೪. ನಡೆದ ಮೇಲೆ ನೋವು, ಊತ ಬಂದರೆ ಬಟ್ಟೆಯಲ್ಲಿ ಸುತ್ತಿದ ಐಸ್ ೧೫ ನಿಮಿಷ ಇಡಿ. ಮರುದಿನ ಬೆಳಿಗ್ಗೆಯೂ ನೋವಿದ್ದರೆ ಅಂದು ನಡಿಗೆ ಬೇಡ. ಮತ್ತೆ ಶುರು ಮಾಡುವಾಗ ದೂರ ಕಡಿಮೆ ಮಾಡಿ.

ಮೊಣಕಾಲು ಊದಿ ಇಳಿಯದಿದ್ದರೆ, ಮಡಚಲು ಆಗದೆ ಸಿಕ್ಕಿಕೊಂಡರೆ, ನಡೆಯುವಾಗ ಕುಸಿದರೆ, ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ನೋವಿನ ಮಾತ್ರೆ ನುಂಗಿ ನಡೆಯಬೇಡಿ. ನೋವು ಅಡಗಿದರೂ ಪೆಟ್ಟು ಒಳಗೇ ಬೆಳೆಯುತ್ತದೆ. ಬಿಸಿಲಲ್ಲಿ ನೀರು ಕಡಿಮೆ ಕುಡಿದು ಇಂಥ ಮಾತ್ರೆ ತಗೊಂಡರೆ ಕಿಡ್ನಿಗೂ ಹೊಟ್ಟೆಗೂ ತೊಂದರೆ. ಬಿ.ಪಿ., ಶುಗರ್ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು.

ಸಂಘದಲ್ಲಿ ಒಬ್ಬರು ಕಂತು ಕಟ್ಟಲಾಗದಿದ್ದರೆ ಎಲ್ಲರೂ ಕೂತು ಮಾತಾಡುತ್ತೇವಲ್ಲ, ಹಾಗೆಯೇ ನೋವನ್ನೂ ಬಾಯಿಬಿಟ್ಟು ಹೇಳೋಣ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರನ್ನು ಮುಂದೆ ಬಿಡೋಣ.

ಆ ಅಕ್ಕ ಮರುವರ್ಷ ಹೋಗಲಿಲ್ಲ. ಅದರ ಮುಂದಿನ ವರ್ಷ ದೀಪಾವಳಿಯಿಂದಲೇ ಅಭ್ಯಾಸ ಮಾಡಿದರು. ಕೊಟ್ಟಿಗೆಹಾರದ ತನಕ ನಡೆದು, ಘಾಟಿಯನ್ನು ಬಸ್ಸಿನಲ್ಲಿ ಇಳಿದು, ಉಜಿರೆಯಿಂದ ಮತ್ತೆ ನಡೆದರು. ಹರಕೆ ಅರ್ಧವಾಯಿತು ಎಂದು ಯಾರೂ ಅನ್ನಲಿಲ್ಲ. ವಾರ ಕಳೆದು ಕೆಲಸಕ್ಕೂ ಹೋದರು, ಆ ತಿಂಗಳ ಕಂತನ್ನೂ ಕಟ್ಟಿದರು.

ಹೋಗಿ ಬನ್ನಿ. ನಡೆದು ಹೋದ ಕಾಲಲ್ಲೇ ನಡೆದು ಮನೆಗೆ ಬನ್ನಿ.